ಬಿಡಿ, ಇಡಿ ಮತ್ತು ಕಾಲುವೆಯ ಕೊನೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು, ಗೇಟು ಪ್ರವಾಹದ ಪಾಲಾಯಿತು. ಜಲಾಶಯ ತುಂಬಿ ನಿಂತಿದ್ದ ಹೊತ್ತು ಅದು. ಆ ಒಂದು ಕಂಡಿಯ ಮೇಲೆ ಬಿದ್ದ ಒತ್ತಡವನ್ನು ತಗ್ಗಿಸುವುದಕ್ಕಾಗಿ ಗಟ್ಟಿಯಾಗಿದ್ದ ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕೂಡಿಟ್ಟ ನೀರು ನದಿಯ ಪಾಲಾಗುತ್ತಿದ್ದಾಗ, ಅಲ್ಲಿಂದ 80–90 ಕಿಲೋಮೀಟರ್ ದೂರದ ಸಿರುಗುಪ್ಪದ ಸೀಮೆಯಲ್ಲಿ ಭತ್ತದ ನಾಟಿಯ ಕಾಲ. ಕೆಸರಿನಲ್ಲಿ ನಿಂತವರಿಗೆ ಆ ಗೇಟು ಕಾಣುವುದಿಲ್ಲ. ಅದರ ಸರಪಳಿಯ ಕೊಂಡಿಯನ್ನು ಅವರು ಎಂದೂ ನೋಡಿದವರಲ್ಲ. ಆದರೂ ಆ ಕೊಂಡಿ ಕಡಿದದ್ದು ಅವರ ಮನೆಯ ಕಣಜದೊಳಗೇ ಕಡಿದಂತಾಯಿತು. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಹಲಗೆಗಳನ್ನಿಳಿಸಿ ಕಂಡಿಯನ್ನು ಮುಚ್ಚಿದರು. ಮಳೆರಾಯನ ದಯೆಯಿಂದ ಆ ವರ್ಷವೇ ಜಲಾಶಯ ಮತ್ತೆ ತುಂಬಿತು. ಆದರೆ ಹಳೆಯ ಗೇಟುಗಳ ಮೇಲಿನ ನಂಬಿಕೆ ಹೋದದ್ದು ಹೋಯಿತು; 2025ರ ಮಳೆಗಾಲದಲ್ಲಿ ಸಂಗ್ರಹವನ್ನು 80 ಟಿಎಂಸಿಯ ಸುಮಾರಿಗೇ ಮಿತಗೊಳಿಸಬೇಕಾಯಿತು.

ಒಂದು ಕಡೆ ಕೊಂಡಿ ಕಳಚಿದರೆ ಮತ್ತೊಂದು ಕಡೆ ಒಲೆ ನಡುಗುವಂಥ ಈ ವಸ್ತು ಎಂಥದು? ಕಲ್ಲು, ಗಾರೆ, ಕಬ್ಬಿಣ, ನೀರು, ಮಣ್ಣು, ಪೈರು, ಮನುಷ್ಯರು ಎಂದು ಅದನ್ನು ಎಣಿಸಿ ಮುಗಿಸಬಹುದೆ? ಅಥವಾ ಈ ಎಣಿಕೆಗೆ ಸಿಕ್ಕದ, ಆದರೂ ಇವೆಲ್ಲವನ್ನೂ ಹಿಡಿದಿರುವ ಇನ್ನೊಂದು ಅಲ್ಲಿದೆಯೆ? ವ್ಯವಸ್ಥಾಚಿಂತನೆ ಎಂದು ಇಂದು ವಿದ್ವಾಂಸರು ಕರೆಯುವ ವಿಚಾರಧಾರೆಯ ಮೂಲಪ್ರಶ್ನೆ ಇದೇ. ಅದು ಆಡಳಿತಗಾರರ, ಗಣಕಯಂತ್ರದವರ ಪರಿಭಾಷೆಯಾಗಿ ನಮ್ಮ ಕಿವಿಗೆ ಬಿದ್ದಿರುವುದರಿಂದ ಹೊಸದೆಂದು ತೋರುತ್ತದೆ. ಪ್ರಶ್ನೆ ಮಾತ್ರ ಬಹಳ ಹಳೆಯದು. ಕನ್ನಡದ ಎರಡು ಪುಟ್ಟ ಮಾತುಗಳಲ್ಲಿ ಅದನ್ನು ಹಿಡಿದಿಡಬಹುದು: ಬಿಡಿ ಮತ್ತು ಇಡಿ. ಬಿಡಿಗಳು ಸೇರಿ ಇಡಿಯಾಗುವುದು ಹೇಗೆ? ಆದ ಮೇಲೆ ಆ ಇಡಿ ಬಿಡಿಗಳಿಗಿಂತ ಬೇರೆಯೆ?

ಕುರುಗೋಡಿಗೆ ಹೋದವರು ಅಲ್ಲಿಯ ಬೆಟ್ಟಗಳನ್ನು ನೋಡಿದ್ದೀರಿ. ಬಂಡೆಯ ಮೇಲೆ ಬಂಡೆ ಒರಗಿಕೊಂಡು ಯಾರೋ ಸುರಿದು ಹೋದ ರಾಶಿಯಂತಿವೆ. ಒಂದು ಬಂಡೆ ಉರುಳಿದರೆ ಬೆಟ್ಟಕ್ಕೆ ದೊಡ್ಡ ನಷ್ಟವೇನಿಲ್ಲ. ಅದೇ ಊರಿನ ದೊಡ್ಡಬಸವೇಶ್ವರನೋ ಒಂದೇ ಕಲ್ಲಿನ ಭಾರಿ ನಂದಿ. ಅಲ್ಲಿ ಬಿಡಿಯೆಂಬುದೇ ಇಲ್ಲ. ಆದರೆ ಅಲ್ಲಿಯೇ ಇರುವ ಹಳೆಯ ಗುಡಿಗಳ ಕಟ್ಟಡವನ್ನು ನೋಡಿ. ಕಂಬ ಬೇರೆ, ತೊಲೆ ಬೇರೆ, ಚಪ್ಪಡಿ ಬೇರೆ. ಕಂಬದ ಭಾರವನ್ನು ನೆಲ ಹೊರುತ್ತದೆ, ತೊಲೆಯ ಭಾರವನ್ನು ಕಂಬ ಹೊರುತ್ತದೆ, ಆ ತೊಲೆಯ ಭಾರವೇ ಕಂಬವನ್ನು ಅಲುಗದಂತೆ ಒತ್ತಿ ನಿಲ್ಲಿಸುತ್ತದೆ. ಇದು ರಾಶಿಯೂ ಅಲ್ಲ, ಏಕಶಿಲೆಯೂ ಅಲ್ಲ. ಸಂಬಂಧದಿಂದ ಒಂದಾದದ್ದು. ನಾವು ವ್ಯವಸ್ಥೆ ಎನ್ನುವುದು ಈ ಮೂರನೆಯ ಬಗೆಗೆ ಸೇರಿದ್ದು.

ನಮ್ಮ ದಾರ್ಶನಿಕರು ಈ ವಿಚಾರವಾಗಿ ಶತಮಾನಗಳ ಕಾಲ ಜಗಳವಾಡಿದ್ದಾರೆ. ಅವರ ನೆಚ್ಚಿನ ಉದಾಹರಣೆ ಬಟ್ಟೆ ಮತ್ತು ನೂಲು. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ನೂಲುಗಳನ್ನು ನೇಯ್ದು ಬಟ್ಟೆಯಾದಾಗ ಒಂದು ಹೊಸ ವಸ್ತುವೇ ಹುಟ್ಟುತ್ತದೆ ಎಂದರು ನೈಯಾಯಿಕರು. ಅವರ ಮಾತಿನಲ್ಲಿ ನೂಲು ಅವಯವ, ಬಟ್ಟೆ ಅವಯವಿ. ಬೌದ್ಧರು ಇದನ್ನು ಒಪ್ಪಲಿಲ್ಲ. ನೂಲನ್ನು ಬಿಟ್ಟು ಬಟ್ಟೆಯನ್ನು ಕಂಡವರಾರು? ದೂರದಿಂದ ನೋಡಿದಾಗ ಅನೇಕ ಮರಗಳು ಒಂದು ಕಾಡಾಗಿ, ಅನೇಕ ಕಾಲಾಳುಗಳು ಒಂದು ಸೇನೆಯಾಗಿ ತೋರುವಂತೆ, ಇಡಿ ಎಂಬುದು ನಾವು ಕೊಟ್ಟ ಹೆಸರಷ್ಟೆ ಎಂಬುದು ಅವರ ವಾದ. ಮಿಲಿಂದನ ಮುಂದೆ ನಾಗಸೇನ ರಥವನ್ನು ಗಾಲಿ, ಅಚ್ಚು, ನೊಗ ಎಂದು ಬಿಡಿಸಿ ತೋರಿಸಿದ್ದೂ ಇದೇ ಅಭಿಪ್ರಾಯದಿಂದ.

ನೈಯಾಯಿಕರ ಉತ್ತರಗಳಲ್ಲಿ ಒಂದು ನನಗೆ ಬಹಳ ಹಿಡಿಸಿದೆ. ಅವರು ಒಂದು ಪರೀಕ್ಷೆಯನ್ನು ಮುಂದಿಟ್ಟರು: ಹಿಡಿದು ಎಳೆದು ನೋಡು. ಬಟ್ಟೆಯ ಒಂದು ಸೆರಗನ್ನು ಎಳೆದರೆ ಇಡೀ ಬಟ್ಟೆ ಬರುತ್ತದೆ. ಮರಳಿನ ರಾಶಿಯಲ್ಲಿ ಕೈಯಿಟ್ಟು ಎಳೆದರೆ ಬರುವುದು ಹಿಡಿಯಷ್ಟು ಮರಳು. ಎಳೆತಕ್ಕೆ ಎಲ್ಲವೂ ಓಗೊಡುವಲ್ಲಿ ಇಡಿ ಇದೆ. ನ್ಯಾಯದ ವ್ಯಾಖ್ಯಾನಕಾರರು ಅಲ್ಲಿಗೇ ನಿಲ್ಲದೆ ತಾವೇ ಒಂದು ಆಕ್ಷೇಪವನ್ನೂ ಎತ್ತಿದ್ದಾರೆ. ಹಸಿಯ ಮಡಕೆಯ ಮಣ್ಣಿನ ಕಣಗಳು ಒಂದಾಗಿ ಬರುವುದು ನೀರಿನ ಅಂಟಿನಿಂದ ಅಲ್ಲವೆ? ಹಾಗಾದರೆ ಎಳೆತಕ್ಕೆ ಕಾರಣವಾದದ್ದು ಅವಯವಿಯೋ, ಕೂಡಿಸುವ ಬಂಧವೋ? ಈ ಪ್ರಶ್ನೆಗೆ ಅಂತಿಮ ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಆದರೆ ನೀರು ಅನೇಕವನ್ನು ಕೂಡಿಸಿ ಒಂದು ಮಾಡುತ್ತದೆ ಎಂಬ ಮಾತನ್ನು ನೆನಪಿನಲ್ಲಿಟ್ಟುಕೊಳ್ಳೋಣ. ಕಾಲುವೆಯ ಸೀಮೆಯವರಿಗೆ ಅದು ಬರಿಯ ತರ್ಕವಲ್ಲ.

ಪಶ್ಚಿಮದಲ್ಲಿ ಈ ವಿಚಾರ ಬೇರೊಂದು ಹಾದಿ ಹಿಡಿಯಿತು. ಕಷ್ಟವಾದುದನ್ನು ಬಿಡಿಬಿಡಿಯಾಗಿ ಒಡೆದು, ಸುಲಭವಾದ ಬಿಡಿಯಿಂದ ಆರಂಭಿಸಿ ಮೇಲೇರಬೇಕೆಂದು 1637ರಲ್ಲಿ ಡೆಕಾರ್ಟೆ ವಿಧಿಸಿದ. ಆಧುನಿಕ ವಿಜ್ಞಾನದ ಬಹುಪಾಲು ಗೆಲುವು ಈ ವಿಧಾನದ್ದೇ. ಆದರೆ 1790ರಲ್ಲಿ ಕಾಂಟ್ ಒಂದು ಭೇದವನ್ನು ತೋರಿಸಿಕೊಟ್ಟ. ಗಡಿಯಾರದ ಒಂದು ಚಕ್ರ ಇನ್ನೊಂದು ಚಕ್ರಕ್ಕಾಗಿ ಇರುತ್ತದೆ, ಇನ್ನೊಂದರಿಂದ ಹುಟ್ಟುವುದಿಲ್ಲ. ಕೆಟ್ಟ ಚಕ್ರವನ್ನು ಗಡಿಯಾರ ತಾನೇ ಸರಿಪಡಿಸಿಕೊಳ್ಳಲಾರದು. ಮರದ ಸಂಗತಿ ಬೇರೆ. ಎಲೆ ಮರದಿಂದ ಹುಟ್ಟುತ್ತದೆ. ಮರ ಎಲೆಯಿಂದ ಬದುಕುತ್ತದೆ. ಅಲ್ಲಿ ಪ್ರತಿಯೊಂದೂ ಉಳಿದವುಗಳಿಗೆ ಕಾರಣವೂ ಹೌದು, ಕಾರ್ಯವೂ ಹೌದು.

ಇಪ್ಪತ್ತನೆಯ ಶತಮಾನದಲ್ಲಿ ಈ ಭೇದಕ್ಕೆ ವಿಜ್ಞಾನದ ಮೈ ಬಂತು. ವಿಯೆನ್ನಾದ ಜೀವವಿಜ್ಞಾನಿ ಲುಡ್ವಿಗ್ ಫಾನ್ ಬೆರ್ಟಲಾನ್ಫಿ, ಜೀವಿಯು ತೆರೆದ ವ್ಯವಸ್ಥೆ ಎಂದ. ಹೊರಗಿನಿಂದ ಪಡೆಯುತ್ತ ಹೊರಗೆ ಬಿಡುತ್ತ, ಒಳಗಿನ ದ್ರವ್ಯವೆಲ್ಲ ಬದಲಾಗುತ್ತಿದ್ದರೂ ಅದು ತನ್ನ ರೂಪವನ್ನು ಕಾಯ್ದುಕೊಳ್ಳುತ್ತದೆ. ನದಿಯೂ ಹಾಗೆಯೆ, ನಿನ್ನೆಯ ನೀರು ಇಂದಿಲ್ಲ, ತುಂಗಭದ್ರೆ ಇದ್ದಾಳೆ. 1948ರಲ್ಲಿ ನಾರ್ಬರ್ಟ್ ವೀನರ್ ತನ್ನ ಹೊಸ ಶಾಸ್ತ್ರಕ್ಕೆ ಗ್ರೀಕ್ ಭಾಷೆಯ ಅಂಬಿಗನ ಹೆಸರಿನಿಂದ ಸೈಬರ್ನೆಟಿಕ್ಸ್ ಎಂದು ಕರೆದ. ನಮ್ಮ ಹೊಳೆಯ ಹರಿಗೋಲನ್ನು ನೆನೆದರೆ ಅವನ ಅಭಿಪ್ರಾಯ ತಿಳಿಯುತ್ತದೆ. ದುಂಡಗಿನ ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಅಂಬಿಗ ಒಂದು ಹುಟ್ಟು ಹಾಕುತ್ತಾನೆ, ಅದು ಒಂದಿಷ್ಟು ತಿರುಗುತ್ತದೆ, ಆ ತಿರುವನ್ನು ಕಂಡು ಮುಂದಿನ ಹುಟ್ಟು ಹಾಕುತ್ತಾನೆ. ಮಾಡಿದ್ದರ ಫಲ ಮಾಡುವವನಿಗೆ ಮರಳಿ ಬಂದು ಮುಂದಿನ ಕೆಲಸವನ್ನು ತಿದ್ದುತ್ತದೆ. ಇಂಗ್ಲಿಷಿನವರು ಇದನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. ನಾವು ಮರುಪ್ರಭಾವ ಎನ್ನೋಣ. ಮರುಪ್ರಭಾವ ಯಾವಾಗಲೂ ತಿದ್ದುವಂಥದೇ ಆಗಬೇಕಿಲ್ಲ. ಕೆಲವೊಮ್ಮೆ ಅದು ಬೆಂಕಿಗೆ ಗಾಳಿ ಹಾಕಿದಂತೆ ಆದದ್ದನ್ನು ಇನ್ನಷ್ಟು ಆಗಿಸುತ್ತದೆ.

ಇಷ್ಟು ಸಲಕರಣೆಯೊಂದಿಗೆ ನಮ್ಮ ಕಾಲುವೆಗೆ ಹಿಂತಿರುಗೋಣ.

ಬಳ್ಳಾರಿಯ ಸೀಮೆ ಬರದ ಸೀಮೆ. 1876–78ರ ಮಹಾಕ್ಷಾಮದಲ್ಲಿ ಅದು ಪಟ್ಟ ಪಾಡು ಚರಿತ್ರೆಯಲ್ಲಿ ದಾಖಲಾಗಿದೆ. ಹಾಗೆಂದು ನೀರಾವರಿ ಇಲ್ಲಿಗೆ ಹೊಸದಲ್ಲ. ವಿಜಯನಗರದ ಕಾಲದಿಂದ ನದಿಗೆ ಅಡ್ಡಲಾಗಿ ಸಣ್ಣ ಕಟ್ಟೆಗಳನ್ನು ಹಾಕಿ ತೆಗೆದ ಕಾಲುವೆಗಳಿದ್ದವು. ಸಿರುಗುಪ್ಪಕ್ಕೂ ಅಂಥದೊಂದು ಇತ್ತು. ಅವು ನದಿಯ ಅಂಚಿಗಷ್ಟೇ ತಂಪೆರೆದವು. ಒಳನಾಡಿಗೂ ನೀರು ಕೊಡಬೇಕೆಂಬ ಬಹುಕಾಲದ ಕನಸು 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆ ಕಂಡಿತು. ನದಿಯ ಒಂದು ದಡ ಮದರಾಸು ಪ್ರಾಂತ, ಇನ್ನೊಂದು ದಡ ನಿಜಾಮನ ಹೈದರಾಬಾದು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು.

ಯೋಜನೆ ರೂಪಿಸಿದವರ ಆಶಯ ಉದಾರವಾದದ್ದು. ನೀರನ್ನು ಕೆಲವರಿಗೆ ಹೇರಳವಾಗಿ ಕೊಡುವ ಬದಲು ಅನೇಕರಿಗೆ ತೆಳುವಾಗಿ ಹಂಚಬೇಕು, ಬರಗಾಲದಲ್ಲಿ ಯಾರ ಪೈರೂ ಪೂರ್ತಿ ಒಣಗಬಾರದು. ಆದ್ದರಿಂದ ಬಹುಪಾಲು ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗಳನ್ನು ಗೊತ್ತುಮಾಡಿ, ಭತ್ತವನ್ನು ಕೆಲವೆಡೆಗೆ ಮಾತ್ರ ಸೀಮಿತಗೊಳಿಸಿದರು. ಲೆಕ್ಕ ಕಾಗದದ ಮೇಲೆ ಸರಿಯಾಗಿತ್ತು. ಎಷ್ಟು ಎಕರೆಗೆ ಎಷ್ಟು ನೀರು, ಯಾವ ತೂಬಿಗೆ ಎಷ್ಟು ಅಗಲ ಎಂಬುದೆಲ್ಲ ಗಡಿಯಾರದ ಚಕ್ರಗಳಂತೆ ಒಂದಕ್ಕೊಂದು ಹೊಂದಿಕೊಂಡಿತ್ತು.

ಆದರೆ ಗಡಿಯಾರದಂತೆ ಕಟ್ಟಿದ್ದು ಮರದಂತೆ ಬೆಳೆಯಿತು. ಕರಾವಳಿ ಆಂಧ್ರದ ಮುಖಜಭೂಮಿಯಿಂದ, ಭತ್ತದ ಬೇಸಾಯದಲ್ಲಿ ನುರಿತ ರೈತರು ಬಂದು ಭೂಮಿ ಕೊಂಡು ನೆಲಸಿದರು. ಅವರ ವಸತಿಗಳು ಇಂದಿಗೂ ಕ್ಯಾಂಪುಗಳೆಂಬ ಹೆಸರಿನಿಂದಲೇ ಸಿರುಗುಪ್ಪ, ಗಂಗಾವತಿ, ಸಿಂಧನೂರುಗಳ ಸುತ್ತ ಇವೆ. ಅವರನ್ನು ನೋಡಿ ಇಲ್ಲಿಯವರೂ ಭತ್ತಕ್ಕೆ ತಿರುಗಿದರು. ಅಕ್ಕಿಯ ಗಿರಣಿಗಳು ಬಂದವು, ಸಾಲ ಕೊಡುವವರು ಬಂದರು, ಮಾರುಕಟ್ಟೆ ಬೆಳೆಯಿತು. ಪ್ರತಿಯೊಂದೂ ಉಳಿದವುಗಳಿಂದ ಹುಟ್ಟಿ ಉಳಿದವುಗಳನ್ನು ಪೋಷಿಸಿತು. ಸಿರುಗುಪ್ಪ ಭತ್ತದ ಕಣಜವಾಯಿತು. ಇದರಲ್ಲಿ ಯಾರ ದುಷ್ಟತನವನ್ನೂ ಹುಡುಕಬೇಕಾಗಿಲ್ಲ. ಕೈಗೆ ನೀರು ಸಿಕ್ಕಿದಾಗ ಖಚಿತವಾದ ಬೆಳೆಯನ್ನು ಬೆಳೆಯುವವನು ಬುದ್ಧಿವಂತನೇ.

ಈಗ ನೈಯಾಯಿಕರ ಪರೀಕ್ಷೆಯನ್ನು ಮಾಡಿ ನೋಡೋಣ. ಕಾಲುವೆಯ ತಲೆಯಲ್ಲಿ ಒಬ್ಬ ರೈತ ತೂಬನ್ನು ಒಂದು ಗೇಣು ಹೆಚ್ಚು ಎತ್ತುತ್ತಾನೆ. ಅವನ ಕಣ್ಣಿಗೆ ಕಾಣುವುದು ಅವನ ಗದ್ದೆ ಮಾತ್ರ. ಆದರೆ ಎಷ್ಟೋ ಮೈಲಿಯಾಚೆ, ಕಾಲುವೆಯ ಕೊನೆಯಲ್ಲಿ, ಇನ್ನೊಬ್ಬನ ಹೊಲದಲ್ಲಿ ನೀರು ಬರುವ ದಿನ ಮುಂದಕ್ಕೆ ಹೋಗುತ್ತದೆ. ಸೆರಗನ್ನು ಎಳೆದಿದ್ದಾನೆ, ಇಡೀ ಬಟ್ಟೆ ಅಲುಗಿದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಕೊನೆಗೆ ನೀರು ತಲಪುವುದು ಅನಿಶ್ಚಿತವಾಯಿತೆಂಬ ಸುದ್ದಿ ನಡುವಿನವರಿಗೆ ಮುಟ್ಟುತ್ತದೆ. ಸರದಿ ತಪ್ಪೀತೆಂಬ ಭಯದಿಂದ ಅವರೂ ಇದ್ದಾಗಲೇ ಹೆಚ್ಚು ಹಿಡಿದುಕೊಳ್ಳುತ್ತಾರೆ. ಅದರಿಂದ ಅನಿಶ್ಚಿತತೆ ಹೆಚ್ಚುತ್ತದೆ, ಅನಿಶ್ಚಿತತೆಯಿಂದ ಭಯ ಹೆಚ್ಚುತ್ತದೆ. ಬೆಂಕಿಗೆ ಗಾಳಿ ಹಾಕುವ ಮರುಪ್ರಭಾವ ಎಂದೆನಲ್ಲ, ಅದು ಇದು. ಬಿಡಿಬಿಡಿಯಾಗಿ ಎಲ್ಲರೂ ವಿವೇಕಿಗಳು. ಇಡಿಯಾಗಿ ನೋಡಿದರೆ ಅವಿವೇಕ. ಒಬ್ಬೊಬ್ಬರ ವಿವೇಕವನ್ನು ಕೂಡಿಸಿದರೆ ಸಮುದಾಯದ ವಿವೇಕವಾಗುವುದಿಲ್ಲ ಎಂಬುದು ವ್ಯವಸ್ಥಾಚಿಂತನೆ ಕಲಿಸುವ ಮೊದಲ ಕಹಿ ಪಾಠ.

ಎರಡನೆಯ ಪಾಠವನ್ನು ಮಣ್ಣು ಕಲಿಸುತ್ತದೆ. ಇಲ್ಲಿಯ ಕಪ್ಪು ನೆಲದಲ್ಲಿ ನೀರು ಸುಲಭವಾಗಿ ಬಸಿದು ಹೋಗುವುದಿಲ್ಲ. ವರ್ಷವರ್ಷವೂ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ನೆಲದಡಿಯ ನೀರಿನ ಮಟ್ಟ ಮೇಲೇರುತ್ತದೆ. ಅದು ಮೇಲ್ಮೈಯ ಸಮೀಪಕ್ಕೆ ಬಂದಾಗ ಮಣ್ಣಿನ ಸೂಕ್ಷ್ಮರಂಧ್ರಗಳ ಮೂಲಕ, ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿ, ಬಿಸಿಲಿಗೆ ಆವಿಯಾಗಿ, ತಾನು ತಂದ ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ನೆಲ ಸವಳಾಗುತ್ತದೆ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಹತ್ತಾರು ಸಾವಿರ ಹೆಕ್ಟೇರು ಹೀಗೆ ಕೆಟ್ಟಿದೆ. ಇದರ ಚಿಕಿತ್ಸೆಯನ್ನು ಹುಡುಕುವುದಕ್ಕೆಂದೇ ಗಂಗಾವತಿಯಲ್ಲಿ ಸಂಶೋಧಕರು ದುಡಿಯುತ್ತ ಬಂದಿದ್ದಾರೆ. ವಿಪರ್ಯಾಸವೆಂದರೆ, ಸವಳು ನೆಲದಲ್ಲಿ ಜೋಳ, ಶೇಂಗಾಗಳಿಗಿಂತ ಭತ್ತವೇ ಮೇಲು. ನಿಂತ ನೀರು ಉಪ್ಪನ್ನು ಬೇರಿನಿಂದ ಕೆಳಕ್ಕೆ ಒತ್ತುತ್ತದೆ. ಆದ್ದರಿಂದ ರೈತ ಮತ್ತೆ ಭತ್ತವನ್ನೇ ಹಾಕುತ್ತಾನೆ, ಮತ್ತೆ ನೀರು ನಿಲ್ಲಿಸುತ್ತಾನೆ. ರೋಗಕ್ಕೆ ಕಾರಣವಾದದ್ದೇ ರೋಗಿಗೆ ಔಷಧವಾಗಿ ಕಾಣುತ್ತದೆ. ಇಂಥಲ್ಲಿ ಇದರಿಂದ ಅದು ಎಂಬ ನೇರ ಗೆರೆ ಸಾಲದು. ಕಾರ್ಯಕಾರಣಗಳು ಗೆರೆಯಾಗಿಲ್ಲ, ಬಳೆಯಾಗಿವೆ. ಇದು ಇದ್ದರೆ ಅದು, ಅದು ಇದ್ದರೆ ಇದು ಎಂದು ವಸ್ತುಗಳನ್ನು ಅವುಗಳ ಅವಲಂಬನೆಯಲ್ಲಿ ನೋಡಿದ ಬೌದ್ಧರ ಪ್ರತೀತ್ಯಸಮುತ್ಪಾದದ ಮಾತು ಇಲ್ಲಿ ನೆನಪಾಗುತ್ತದೆ. ಇಡಿಯನ್ನು ಅಲ್ಲಗಳೆದವರೇ ಸಂಬಂಧವನ್ನು ಎಲ್ಲರಿಗಿಂತ ಆಳವಾಗಿ ಕಂಡರು! ಈ ತತ್ತ್ವಕ್ಕೂ ವ್ಯವಸ್ಥಾಸಿದ್ಧಾಂತಕ್ಕೂ ಇರುವ ನಂಟನ್ನು ಜೊಅನ್ನಾ ಮೇಸಿ ಎಂಬ ವಿದುಷಿ 1991ರಲ್ಲಿ ಒಂದು ಗ್ರಂಥದಲ್ಲಿ ವಿವರಿಸಿದ್ದಾರೆ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಎಲ್ಲವೂ ಎಲ್ಲದಕ್ಕೂ ಸಂಬಂಧಿಸಿದ್ದರೆ ವ್ಯವಸ್ಥೆಯ ಎಲ್ಲೆ ಎಲ್ಲಿ? ಕಾಲುವೆ ಅಣೆಕಟ್ಟಿನಿಂದ ಆರಂಭವಾಗುತ್ತದೆಯೆ? 1953ರಲ್ಲಿ ಸುಮಾರು 132 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ, 2016ರ ಸಮೀಕ್ಷೆಯ ಪ್ರಕಾರ 106ಕ್ಕೂ ತುಸು ಕಡಿಮೆ ಹಿಡಿಯುತ್ತದೆ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಉಳಿದ ಜಾಗವನ್ನು ಹೂಳು ತುಂಬಿದೆ. ಆ ಹೂಳು ಮೇಲ್ಗಡೆಯ ಹೊಲಗಳಿಂದ, ಕಾಡು ಕಳೆದುಕೊಂಡ ಇಳಿಜಾರುಗಳಿಂದ, ತೆರೆದ ನೆಲದಿಂದ ಬಂದದ್ದು. ಹಾಗಾದರೆ ಸಿರುಗುಪ್ಪದ ಗದ್ದೆಯ ಒಂದು ಅಂಚು ಮಲೆನಾಡಿನಲ್ಲಿದೆ ಎನ್ನಬೇಕು. ಕೆಳಗಡೆಯ ಕಾಲುವೆಯೋ ಆಂಧ್ರದ ಕರ್ನೂಲಿನ ಸೀಮೆಗೆ ಹೋಗುತ್ತದೆ. ಬಳ್ಳಾರಿ ನಗರಕ್ಕೆ ಕುಡಿಯುವ ನೀರು ಕೊಡುವ ಅಲ್ಲೀಪುರದ ಕೆರೆಗೂ ತುಂಗಭದ್ರೆಯ ಕಾಲುವೆಯದೇ ನೀರು. ಆದ್ದರಿಂದ ನಲ್ಲಿ ತಿರುಗಿಸುವ ಪೇಟೆಯ ಗೃಹಿಣಿಯೂ, ಇದೆಲ್ಲ ರೈತರ ಗೊಡವೆ ಎಂದುಕೊಳ್ಳುವ ನನ್ನಂಥ ಪುಸ್ತಕದ ಹುಳುವೂ ಈ ನೇಯ್ಗೆಯ ನೂಲುಗಳೇ.

ಎಲ್ಲೆಯನ್ನು ಪ್ರಕೃತಿ ಹಾಕುವುದಿಲ್ಲ, ವಿಚಾರ ಮಾಡುವವನು ಹಾಕುತ್ತಾನೆ. ಆದ್ದರಿಂದ ಎಲ್ಲೆ ಹಾಕುವುದು ನೀತಿಯ ಪ್ರಶ್ನೆ. ಇದನ್ನು ಮನಗಾಣಿಸಿದವನು ಅಮೆರಿಕದ ದಾರ್ಶನಿಕ ವೆಸ್ಟ್ ಚರ್ಚ್‌ಮನ್. ಅವನ ಪ್ರಸಿದ್ಧ ಗ್ರಂಥ 1968ರದು. ಯಾರ ಹಿತವನ್ನು ಎಣಿಕೆಗೆ ತೆಗೆದುಕೊಂಡಿರಿ, ಯಾರನ್ನು ಗೆರೆಯಾಚೆ ಬಿಟ್ಟಿರಿ ಎಂದು ಪ್ರತಿಯೊಂದು ಯೋಜನೆಯನ್ನೂ ಕೇಳಬೇಕೆಂಬುದು ಅವನ ವಿಚಾರದ ತಿರುಳು. ನಮ್ಮ ಯೋಜನೆಯವರು ನೀರನ್ನು, ಮಣ್ಣನ್ನು, ಬೆಳೆಯನ್ನು ಗೆರೆಯೊಳಗಿಟ್ಟರು. ಬೆಳೆಯನ್ನು ಆರಿಸುವ ರೈತನ ಮನಸ್ಸನ್ನು ಹೊರಗೆ ಬಿಟ್ಟರು. ಹೊರಗೆ ಬಿಟ್ಟದ್ದೇ ಒಳಗೆ ಬಂದು ಲೆಕ್ಕವನ್ನು ಬದಲಾಯಿಸಿತು.

ಇಡಿಯನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಸಮಷ್ಟಿಯ ಹಿತವೆಂಬ ಮಾತು ಬಿಡಿಯನ್ನು ನುಂಗುವುದಕ್ಕೂ ಬಳಕೆಯಾಗುತ್ತದೆ. ಈ ಜಲಾಶಯ ತುಂಬಿದಾಗ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು. ಮುಳುಗಿದ ಊರಿನವನಿಗೆ ಸಿರುಗುಪ್ಪದ ಹಸುರನ್ನು ತೋರಿಸಿ ನೀನು ಇಡಿಯ ಒಂದು ಅಂಗ ಎಂದರೆ ಅವನಿಗೆ ಸಮಾಧಾನವಾಗುವುದೆ? ಇಲ್ಲಿ ಬೌದ್ಧರ ಸಂಶಯ ಔಷಧದಂತೆ ಕೆಲಸಕ್ಕೆ ಬರುತ್ತದೆ. ಇಡಿ ಎಂಬುದೊಂದು ದೇವತೆಯಲ್ಲ, ಅದಕ್ಕೆ ಬಲಿ ಕೊಡಬೇಕಾಗಿಲ್ಲ; ಇರುವುದು ಬಿಡಿಗಳು ಮತ್ತು ಅವುಗಳ ನಡುವಿನ ಋಣ. ಜೈನರ ಅನೇಕಾಂತವೂ ಇಲ್ಲಿ ಸಲ್ಲುತ್ತದೆ. ಒಂದೇ ವಸ್ತು ಒಂದು ನಿಲುವಿನಿಂದ ಒಂದು, ಇನ್ನೊಂದು ನಿಲುವಿನಿಂದ ಅನೇಕ. ಎರಡೂ ನಿಜ, ಆದರೆ ಯಾವ ನಿಲುವಿನಿಂದ ಹೇಳಿದೆ ಎಂಬುದನ್ನು ಮರೆಯಬಾರದು. ಅಣೆಕಟ್ಟಿನ ಮೇಲೆ ನಿಂತು ಕಂಡ ಕಾಲುವೆ ಒಂದು. ಕೊನೆಯ ಹೊಲದ ಬದುವಿನ ಮೇಲೆ ಕೂತು, ನೀರು ಬರುವ ದಿಕ್ಕಿಗೆ ಮುಖಮಾಡಿ ಕಂಡ ಕಾಲುವೆ ಇನ್ನೊಂದು.

ಈ ಎರಡರಲ್ಲಿ ಮೊದಲು ಯಾವುದನ್ನು ಕೇಳಬೇಕು ಎಂದರೆ ಕೊನೆಯದನ್ನು ಎನ್ನುತ್ತೇನೆ. ಅದು ಕರುಣೆಯ ಮಾತಷ್ಟೇ ಅಲ್ಲ, ತಿಳಿವಳಿಕೆಯ ಮಾತೂ ಹೌದು. ತಲೆಯಲ್ಲಿರುವವನಿಗೆ ಕಾಲುವೆ ತನ್ನ ಸ್ವಂತ ತೂಬಿನಂತೆ ತೋರುತ್ತದೆ. ಅವನು ಅದನ್ನು ಬಿಡಿಯಾಗಿ ನೋಡಿಯೂ ಬದುಕಬಲ್ಲ. ಕೊನೆಯಲ್ಲಿರುವವನಿಗೆ ಮೇಲಿನ ಪ್ರತಿಯೊಂದು ತೂಬು, ಪ್ರತಿಯೊಬ್ಬನ ಭಯ, ಪ್ರತಿಯೊಂದು ಬಿರುಕು ಲೆಕ್ಕಕ್ಕೆ ಬರುತ್ತದೆ. ಅವನ ಹೊಲಕ್ಕೆ ನೀರು ಬಂದ ದಿನ ಇಡೀ ವ್ಯವಸ್ಥೆ ನೆಟ್ಟಗಿದೆ ಎಂದರ್ಥ. ಬಾರದ ದಿನ ಎಲ್ಲಿಯೋ ಕೊಂಡಿ ಸವೆಯುತ್ತಿದೆ ಎಂದರ್ಥ. ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದ ರಾತ್ರಿ ಆ ಕೊಂಡಿ ಎಲ್ಲರ ಕಣ್ಣಿಗೂ ಬಿತ್ತು. ಕಣ್ಣಿಗೆ ಬೀಳದ ಕೊಂಡಿಗಳು ಇನ್ನೂ ಇವೆ. ಅವು ಯಾವುವೆಂದು ತಿಳಿಯಬೇಕಾದರೆ ಕಾಲುವೆಯ ಕೊನೆಯವರೆಗೆ ನಡೆದುಹೋಗಿ ಅಲ್ಲಿರುವವನನ್ನು ಕೇಳಬೇಕು.